ಚಂದ್ರಗಿರಿ ಹೊಳೆಯಡಿಯ ಪೈಪು ಮತ್ತು ಖಾತೆಗೆ ಬರುವ ದುಡ್ಡು

ಕಾಸರಗೋಡಿನ ಈ ಸಭೆಗೆ ಬರುವಾಗ ಚಂದ್ರಗಿರಿ ಸೇತುವೆ ದಾಟಿ ಬಂದೆ. ಆ ಹೊಳೆಯ ತಳಕ್ಕಿಂತಲೂ ಕೆಳಗೆ ಒಂದು ಕಡೆ ಗ್ಯಾಸ್ ಪೈಪು ಹಾದು ಹೋಗಿದೆ, ನಿಮಗೆಲ್ಲ ಗೊತ್ತು. ಗೇಲ್ ಅನ್ನುವ ಕೇಂದ್ರ ಸರ್ಕಾರದ ಗ್ಯಾಸ್ ಕಂಪನಿಯದ್ದು. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್. ಅಷ್ಟುದ್ದದ ಕೆಲಸದಲ್ಲಿ ಕೊನೆಗೆ ಬಾಕಿ ಉಳಿದದ್ದು ನಮ್ಮ ಈ ಹೊಳೆ ದಾಟುವುದು. ನೆಲದಡಿಯಿಂದಲೇ ಕೊರೆದು ದಾಟಿಸಿದರು. 2021ರ ಜನವರಿ 5ರಂದು ಪ್ರಧಾನಿ ಉದ್ಘಾಟನೆ ಮಾಡಿದರು. ಮರುದಿನ ಪೇಪರಿನ ತುಂಬ ಅದೇ ಸುದ್ದಿ.

ಹತ್ತು ದಿನ ಕಳೆದು ಇನ್ನೊಂದು ಸುದ್ದಿ ಬಂತು. ಅದು ಒಳಪುಟದಲ್ಲಿ, ನಾಲ್ಕು ಸಾಲು. ಗೇಲ್‌ನ ಆಡಳಿತ ಮಂಡಳಿ ಸೇರಿ ಎರಡು ತೀರ್ಮಾನ ಮಾಡಿತ್ತು. ಒಂದು, ಷೇರಿಗೆ 2 ರೂಪಾಯಿ 50 ಪೈಸೆ ಮಧ್ಯಂತರ ಡಿವಿಡೆಂಡ್, ಅಂದರೆ ವರ್ಷದ ಲೆಕ್ಕ ಮುಗಿಯುವ ಮೊದಲೇ ಹಂಚುವ ಲಾಭ. ಎರಡನೆಯದು, ತನ್ನದೇ ಷೇರುಗಳನ್ನು ತಲಾ 150 ರೂಪಾಯಿ ಕೊಟ್ಟು ವಾಪಸ್ ಕೊಳ್ಳುವುದು. ಅದಕ್ಕೆ ತೆಗೆದಿಟ್ಟದ್ದು 1,046 ಕೋಟಿ ರೂಪಾಯಿ.

ನಮ್ಮಲ್ಲಿ ಆ ಪೈಪಿಗೆ ಜಾಗ ಬಿಟ್ಟವರಿದ್ದಾರೆ. ಅದರ ಮೇಲೆ ಮನೆ ಕಟ್ಟುವ ಹಾಗಿಲ್ಲ, ಆಳಕ್ಕೆ ಬೇರು ಬಿಡುವ ಮರ ನೆಡುವ ಹಾಗಿಲ್ಲ. ಅಂಥವರಲ್ಲಿ ಒಬ್ಬರು ನನ್ನ ಹತ್ತಿರ ಕೇಳಿದರು: "ಅಲ್ಲ ಮಾರಾಯ್ರೆ, ಪೈಪು ಹಾಕಲಿಕ್ಕೆ ದುಡ್ಡು ಸಾಲದು ಅಂತ ಇಷ್ಟು ವರ್ಷ ಎಳೆದರು ಅಂದುಕೊಂಡಿದ್ದೆ. ಈಗ ಸಾವಿರ ಕೋಟಿ ಕೊಟ್ಟು ತನ್ನ ಷೇರನ್ನೇ ಕೊಳ್ಳುತ್ತದಂತೆ. ಇದೆಂಥ ವ್ಯಾಪಾರ?" ಪೈಪು ತಡವಾದದ್ದು ದುಡ್ಡಿನಿಂದ ಅಲ್ಲ, ಜಾಗದ ತಕರಾರಿನಿಂದ. ಅದು ಬೇರೆ ಮಾತು. ಆದರೆ ಅವರ ಪ್ರಶ್ನೆ ಒಳ್ಳೆಯದು. ಇವತ್ತು ನಾನು ಮಾತಾಡುವುದು ಅದಕ್ಕೆ ಉತ್ತರ ಎಂದೇ ಇಟ್ಟುಕೊಳ್ಳಿ.

ಮೊದಲು ಪದಗಳು. ಡಿವಿಡೆಂಡಿಗೆ ಲಾಭಾಂಶ, ಬೈಬ್ಯಾಕಿಗೆ ಮರುಖರೀದಿ ಎಂದು ಪೇಪರಿನವರು ಬರೆಯುತ್ತಾರೆ. ಒಳ್ಳೆಯ ಪದಗಳೇ. ಆದರೆ ಬ್ಯಾಂಕಿನಲ್ಲಿ, ಫೋನಿನಲ್ಲಿ ನಾವು ಆಡುವುದು ಡಿವಿಡೆಂಡ್, ಬೈಬ್ಯಾಕ್ ಅಂತಲೇ. ಹಾಗೇ ಹೇಳುತ್ತೇನೆ.

ಒಂದು ಅಡಿಕೆ ತೋಟ ಇದೆ ಅಂತ ಇಟ್ಟುಕೊಳ್ಳಿ. ಹತ್ತು ಮಂದಿ ಅಣ್ಣತಮ್ಮಂದಿರು, ಹತ್ತು ಪಾಲು. ಪಾಲುಪಟ್ಟಿ ಆಗಿದೆ, ಆದರೆ ತೋಟ ಒಡೆದಿಲ್ಲ, ಒಟ್ಟಿಗೇ ನಡೆಸುತ್ತಾರೆ. ಕೊಯ್ಲು ಮುಗಿದು, ಕೂಲಿ, ಗೊಬ್ಬರ, ಮದ್ದು ಬಿಟ್ಟ ಖರ್ಚು ಎಲ್ಲ ಕಳೆದು ಈ ವರ್ಷ 10 ಲಕ್ಷ ಉಳಿಯಿತು. ಏನು ಮಾಡಬಹುದು?

ಒಂದೊಂದು ಲಕ್ಷ ಹಂಚಿಕೊಳ್ಳಬಹುದು. ಇದು ಡಿವಿಡೆಂಡ್. ಅಥವಾ ಬೆಂಗಳೂರಿನಲ್ಲಿರುವ ಆರನೇ ತಮ್ಮ, "ನನಗೆ ತೋಟ ಸಾಕು, ನನ್ನ ಪಾಲಿನ ದುಡ್ಡು ಕೊಡಿ" ಅನ್ನುತ್ತಾನೆ. ತೋಟಕ್ಕೆ ಒಂದು ಕೋಟಿ ಬೆಲೆ ಕಟ್ಟುತ್ತಾರೆ. ಅವನ ಪಾಲಿಗೆ 10 ಲಕ್ಷ. ವರ್ಷದ ಉಳಿಕೆ ಪೂರ್ತಿ ಅವನಿಗೆ ಕೊಟ್ಟು ಕೈಮುಗಿದು ಕಳಿಸುತ್ತಾರೆ. ಉಳಿದ ಒಂಬತ್ತು ಮಂದಿಗೆ ಈ ವರ್ಷ ಬಿಡಿಗಾಸಿಲ್ಲ. ಆದರೆ ಮುಂದಿನ ವರ್ಷ ಅದೇ 10 ಲಕ್ಷ ಬಂದರೆ ಒಂಬತ್ತೇ ಪಾಲು, ಒಬ್ಬೊಬ್ಬರಿಗೆ 1 ಲಕ್ಷದ 11 ಸಾವಿರ. ಇದು ಬೈಬ್ಯಾಕ್. ಕಂಪನಿ ಕೊಂಡ ಷೇರನ್ನು ಕಪಾಟಿನಲ್ಲಿ ಇಡುವುದಿಲ್ಲ, ನಮ್ಮ ದೇಶದ ಕಾನೂನಿನಲ್ಲಿ ಅದನ್ನು ರದ್ದು ಮಾಡಲೇಬೇಕು. ತೋಟ ಅಷ್ಟೇ ಇರುತ್ತದೆ, ಪಾಲುದಾರರು ಕಡಿಮೆ ಆಗುತ್ತಾರೆ.

ಮೂರನೇ ದಾರಿಯೂ ಇದೆ. ಹಂಚುವುದೂ ಬೇಡ, ಕೊಳ್ಳುವುದೂ ಬೇಡ, ಮೇಲಿನ ಗುಡ್ಡೆ ಅಗೆದು ಸಸಿ ಇಡೋಣ. ಈ ಮೂರರ ನಡುವಿನ ಜಗಳವೇ ಎಣ್ಣೆ ಕಂಪನಿಗಳ ಸಭೆಯಲ್ಲಿ ನಡೆಯುವುದು. ಭಾಷೆ ಬೇರೆ, ಜಗಳ ಅದೇ.

(ಎಣ್ಣೆ ಕಂಪನಿ ಅಂದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಾನು ಹೇಳುವುದು ಬಾವಿಯ ಎಣ್ಣೆ. ಬಾಟಲಿಯದ್ದಲ್ಲ.)

ಈಗ ಬೈಬ್ಯಾಕಿನಲ್ಲಿ ಒಂದು ವಿಷಯ ಗಮನಿಸಿ. ಆರನೇ ತಮ್ಮನ ಪಾಲಿಗೆ ಎಷ್ಟು ಬೆಲೆ ಕಟ್ಟಿದರು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ತೋಟಕ್ಕೆ ಎರಡು ಕೋಟಿ ಅಂದರೆ ಅವನಿಗೆ 20 ಲಕ್ಷ ಕೊಡಬೇಕು. ಎರಡು ವರ್ಷದ ಉಳಿಕೆ ಒಂದು ಪಾಲಿಗೇ ಮುಗಿಯಿತು. ಮೂರನೇ ವರ್ಷ ರೇಟು ಬಿದ್ದರೆ ನಗುವವನು ಆರನೇ ತಮ್ಮ. ಡಿವಿಡೆಂಡಿನಲ್ಲಿ ಈ ತಾಪತ್ರಯ ಇಲ್ಲ. ತೋಟಕ್ಕೆ ಎಷ್ಟೇ ಬೆಲೆ ಇರಲಿ, ಒಂದು ಲಕ್ಷ ಅಂದರೆ ಒಂದು ಲಕ್ಷ.

ಇದು ತಲೆಯಲ್ಲಿರಲಿ. ಈಗ ಅಮೆರಿಕಕ್ಕೆ ಹೋಗೋಣ.

2020ರ ಏಪ್ರಿಲ್ 20. ನಾವೆಲ್ಲ ಲಾಕ್‌ಡೌನಿನಲ್ಲಿ ಮನೆಯೊಳಗೆ. ತಲಪಾಡಿಯಲ್ಲಿ ಗಡಿ ಮುಚ್ಚಿದ್ದರು, ನೆನಪಿದೆಯಲ್ಲ. ಮಂಗಳೂರಿನ ಆಸ್ಪತ್ರೆಗೆ ಹೋಗಲಿಕ್ಕಾಗದೆ ನಮ್ಮವರು ಪಟ್ಟ ಪಾಡು ಇಲ್ಲಿ ಕೂತವರಿಗೆ ಹೇಳಬೇಕಾಗಿಲ್ಲ. ಅದೇ ದಿನ ಅಮೆರಿಕದ ಕಚ್ಚಾ ಎಣ್ಣೆಯ ವಾಯಿದೆ ಬೆಲೆ, ಅಂದರೆ ಮುಂದೆ ಎತ್ತುವ ಸರಕಿಗೆ ಈಗಲೇ ಒಪ್ಪುವ ಬೆಲೆ, ಸೊನ್ನೆಯ ಕೆಳಗೆ ಇಳಿಯಿತು. ಬ್ಯಾರೆಲಿಗೆ ಮೈನಸ್ 37 ಡಾಲರ್ 63 ಸೆಂಟ್. ಅಂದರೆ, "ಎಣ್ಣೆ ತೆಗೆದುಕೊಂಡು ಹೋಗಿ, ಮೇಲಿಂದ ನಾವೇ ದುಡ್ಡು ಕೊಡುತ್ತೇವೆ" ಅನ್ನುವ ಸ್ಥಿತಿ. ಇಡಲಿಕ್ಕೆ ಜಾಗ ಇರಲಿಲ್ಲ.

ಆ ವರ್ಷ ಎಕ್ಸಾನ್ ಮೊಬಿಲ್ ಕಂಪನಿಗೆ 22.4 ಬಿಲಿಯನ್ ಡಾಲರ್ ನಷ್ಟ. ಬಿಲಿಯನ್ ಅಂದರೆ ನೂರು ಕೋಟಿ. ಇಷ್ಟು ನಷ್ಟ ಆದರೂ ಅದು ಮೂರು ತಿಂಗಳಿಗೊಮ್ಮೆ ಷೇರಿಗೆ 87 ಸೆಂಟ್ ಡಿವಿಡೆಂಡ್ ಕೊಡುವುದನ್ನು ನಿಲ್ಲಿಸಲಿಲ್ಲ. ಎಲ್ಲಿಂದ ಕೊಟ್ಟಿತು? ಸಾಲ ಮಾಡಿ ಕೊಟ್ಟಿತು. ವರ್ಷಕ್ಕೆ ಸುಮಾರು 15 ಬಿಲಿಯನ್ ಡಾಲರ್. ಯಾಕೆ ಅಂದರೆ, 1980ರ ದಶಕದಿಂದ ಆ ಕಂಪನಿ ಪ್ರತಿವರ್ಷ ಡಿವಿಡೆಂಡ್ ಏರಿಸುತ್ತಲೇ ಬಂದಿದೆ. ಆ ಹೆಸರು ಕೆಡಬಾರದು. ನಮ್ಮಲ್ಲಿ ಮನೆತನದ ಹೆಸರಿಗೋಸ್ಕರ ಸಾಲ ಮಾಡಿ ಭೂತದ ಕೋಲ ನಡೆಸುವವರಿಲ್ಲವೇ? ಹಾಗೇ.

ಶೆಲ್ ಕಂಪನಿ ಬೇರೆ ದಾರಿ ಹಿಡಿಯಿತು. ಅದೇ ಏಪ್ರಿಲ್ 30ರಂದು ಡಿವಿಡೆಂಡನ್ನು 47 ಸೆಂಟಿನಿಂದ 16 ಸೆಂಟಿಗೆ ಇಳಿಸಿತು. ಎರಡನೇ ಮಹಾಯುದ್ಧದ ನಂತರ ಅದು ಡಿವಿಡೆಂಡ್ ಕಡಿತ ಮಾಡಿದ್ದು ಅದೇ ಮೊದಲು. ಆಗಸ್ಟಿನಲ್ಲಿ ಬಿಪಿ ಅನ್ನುವ ಬ್ರಿಟಿಷ್ ಎಣ್ಣೆ ಕಂಪನಿ ಕೂಡ ಅರ್ಧ ಮಾಡಿತು, ಹತ್ತೂವರೆ ಸೆಂಟ್ ಇದ್ದದ್ದು ಐದೂಕಾಲು. ಲಂಡನ್ನಿನಲ್ಲಿ ಪಿಂಚಣಿ ನಿಧಿಗಳು ಈ ಎರಡು ಕಂಪನಿಗಳ ಡಿವಿಡೆಂಡ್ ನಂಬಿ ಕೂತಿದ್ದವು. ದೊಡ್ಡ ಗಲಾಟೆ ಆಯಿತು.

ಆಕ್ಸಿಡೆಂಟಲ್ ಅಂತ ಇನ್ನೊಂದು ಕಂಪನಿ. 2019ರಲ್ಲಿ ಅನಡಾರ್ಕೋ ಅನ್ನುವ ತನ್ನಷ್ಟೇ ದೊಡ್ಡ ಕಂಪನಿಯನ್ನು ಕೊಂಡಿತು. ಅದಕ್ಕೆ ದೊಡ್ಡ ಹೂಡಿಕೆದಾರ ವಾರೆನ್ ಬಫೆಟ್ ಅವರ ಕಂಪನಿ ಬರ್ಕ್‌ಶೈರ್ 10 ಬಿಲಿಯನ್ ಡಾಲರ್ ಕೊಟ್ಟಿತು. ಸುಮ್ನೆ ಕೊಡಲಿಲ್ಲ. ವರ್ಷಕ್ಕೆ 8 ಶೇಕಡ ಡಿವಿಡೆಂಡ್ ಖಾತ್ರಿ ಇರುವ ಬೇರೆ ಜಾತಿಯ ಷೇರಿನ ಮೇಲೆ ಕೊಟ್ಟಿತು. 2020 ಬಂತು. ಸಾಮಾನ್ಯ ಷೇರುದಾರರ ಡಿವಿಡೆಂಡ್ 79 ಸೆಂಟಿನಿಂದ 11 ಸೆಂಟಿಗೆ, ಅಲ್ಲಿಂದ 1 ಸೆಂಟಿಗೆ ಇಳಿಯಿತು. ಒಂದು ಸೆಂಟ್! ಬಫೆಟ್ ಅವರ 8 ಶೇಕಡ ಮಾತ್ರ ಅಲುಗಾಡಲಿಲ್ಲ. ಕೈಯಲ್ಲಿ ನಗದು ಇಲ್ಲದಾಗ ಷೇರನ್ನೇ ಕೊಟ್ಟು ಲೆಕ್ಕ ತೀರಿಸಿದರು. ಊಟದ ಪಂಕ್ತಿಯಲ್ಲಿ ಮೊದಲ ಎಲೆ ಯಾರದ್ದು ಅಂತ ಬಡಿಸುವವನಿಗೆ ಗೊತ್ತಿರುತ್ತದೆ.

ಡಿವಿಡೆಂಡ್ ಅಂದರೆ ಎಷ್ಟು ಭಾರದ ಮಾತು ಅಂತ ಇದರಿಂದ ಗೊತ್ತಾಗುತ್ತದೆ. ಒಮ್ಮೆ ಏರಿಸಿದರೆ ಇಳಿಸುವುದು ಮರ್ಯಾದೆಯ ಪ್ರಶ್ನೆ. ಇಳಿಸಿದ ದಿನ ಪೇಪರಿನಲ್ಲಿ ಬರುತ್ತದೆ, ಷೇರು ಬೀಳುತ್ತದೆ. ಬೈಬ್ಯಾಕ್ ಹಾಗಲ್ಲ. ಈ ಮೂರು ತಿಂಗಳು ಕೊಂಡರು, ಮುಂದಿನ ಮೂರು ತಿಂಗಳು ಕಡಿಮೆ ಕೊಂಡರು, ಅಷ್ಟೇ. 2025ರಲ್ಲಿ ಬಿಪಿ ಹಾಗೇ ಮಾಡಿತು. ಮೂರು ತಿಂಗಳಿಗೆ 1.75 ಬಿಲಿಯನ್ ಡಾಲರಿನ ಬೈಬ್ಯಾಕನ್ನು 0.75ಕ್ಕೆ ಇಳಿಸಿತು, ಡಿವಿಡೆಂಡ್ ಮುಟ್ಟಲಿಲ್ಲ. ಒಂದು ದಿನದ ಗೊಣಗಾಟದಲ್ಲಿ ಮುಗಿಯಿತು. ಅದಕ್ಕೇ ಎಣ್ಣೆಯಂಥ ಏರಿಳಿತದ ಧಂದೆಯವರಿಗೆ ಬೈಬ್ಯಾಕ್ ಅಂದರೆ ಪ್ರೀತಿ.

ಡೆವನ್ ಅನ್ನುವ ಅಮೆರಿಕನ್ ಕಂಪನಿ 2021ರಲ್ಲಿ ನಡುವಿನ ಒಂದು ದಾರಿ ಮಾಡಿತು. ಒಂದು ಸಣ್ಣ ಖಾಯಂ ಡಿವಿಡೆಂಡ್, ಅದರ ಮೇಲೆ ಆ ಮೂರು ತಿಂಗಳಲ್ಲಿ ಉಳಿದ ನಗದಿನಲ್ಲಿ ಇಂತಿಷ್ಟು ಪಾಲು ಅಂತ ಇನ್ನೊಂದು. ಎಣ್ಣೆಗೆ ರೇಟಿದ್ದರೆ ಜಾಸ್ತಿ, ಇಲ್ಲದಿದ್ದರೆ ಇಲ್ಲ. ಸಂಬಳ ಮತ್ತು ಬೋನಸ್ ಇದ್ದ ಹಾಗೆ. ನನಗೆ ಇದು ಹಿಡಿಸಿತು, ಯಾಕಂದರೆ ಇದರಲ್ಲಿ ನಾಟಕ ಕಡಿಮೆ.

ಈಗ 2022ಕ್ಕೆ ಬನ್ನಿ. ರಷ್ಯಾ ಉಕ್ರೇನಿಗೆ ನುಗ್ಗಿತು, ಎಣ್ಣೆ ಬೆಲೆ 100 ಡಾಲರ್ ದಾಟಿತು. ಎರಡು ವರ್ಷ ಹಿಂದೆ ಸಾಲ ಮಾಡಿದ್ದ ಎಕ್ಸಾನ್ 55.7 ಬಿಲಿಯನ್ ಡಾಲರ್ ಲಾಭ ಮಾಡಿತು. ಷೇರುದಾರರಿಗೆ ಸುಮಾರು 30 ಬಿಲಿಯನ್ ಕೊಟ್ಟಿತು. ಅರ್ಧ ಡಿವಿಡೆಂಡ್, ಅರ್ಧ ಬೈಬ್ಯಾಕ್. 2023ರ ಜನವರಿಯಲ್ಲಿ ಶೆವ್ರಾನ್ 75 ಬಿಲಿಯನ್ ಡಾಲರಿನ ಬೈಬ್ಯಾಕ್ ಘೋಷಣೆ ಮಾಡಿತು. ಬೈಡನ್ ಸರ್ಕಾರಕ್ಕೆ ಸಿಟ್ಟು ಬಂತು: ಜನ ಬಂಕಿನಲ್ಲಿ ಬೈಯುತ್ತಿದ್ದಾರೆ, ನೀವು ಹೊಸ ಬಾವಿ ಕೊರೆಯುವುದು ಬಿಟ್ಟು ಷೇರು ಕೊಳ್ಳುತ್ತಿದ್ದೀರಿ ಅಂತ. 2022ರಲ್ಲಿ ಆದ ಕಾನೂನಿನಂತೆ 2023ರಿಂದ ಬೈಬ್ಯಾಕಿನ ಮೇಲೆ ಒಂದು ಶೇಕಡ ತೆರಿಗೆ ಬಿತ್ತು. ಅದನ್ನು ನಾಲ್ಕು ಶೇಕಡ ಮಾಡೋಣ ಅಂತ ಅಧ್ಯಕ್ಷರು ಹೇಳಿದರು, ಆಗಲಿಲ್ಲ.

ನನ್ನ ಆಕ್ಷೇಪ ಅದಲ್ಲ. ನನ್ನದು ಆರನೇ ತಮ್ಮನ ಲೆಕ್ಕ. 2020ರಲ್ಲಿ ಬೆಲೆ ಬಿದ್ದಾಗ ಎಕ್ಸಾನ್ ಷೇರು 30ರಿಂದ 40 ಡಾಲರಿಗೆ ಸಿಗುತ್ತಿತ್ತು. ಆಗ ಕಂಪನಿ ಬೈಬ್ಯಾಕ್ ಮಾಡಲಿಲ್ಲ. ದುಡ್ಡಿರಲಿಲ್ಲ, ಡಿವಿಡೆಂಡಿಗೇ ಸಾಲ. 2022ರ ಕೊನೆಗೆ ಅದೇ ಷೇರಿಗೆ 110 ಡಾಲರ್. ಆಗ ಬಿಲಿಯನ್‌ಗಟ್ಟಲೆ ಕೊಂಡರು. ಎಣ್ಣೆ ಕಂಪನಿಯ ಕೈಯಲ್ಲಿ ದುಡ್ಡು ಓಡಾಡುವುದು ಎಣ್ಣೆ ದುಬಾರಿ ಆದಾಗ. ಎಣ್ಣೆ ದುಬಾರಿ ಆದಾಗ ಅದರ ಷೇರೂ ದುಬಾರಿ. ಹಾಗಾಗಿ ಈ ಕಂಪನಿಗಳು ಅಗ್ಗದ ಹೊತ್ತಿಗೆ ಕೈಕಟ್ಟಿ ಕೂತು, ತುಟ್ಟಿಯ ಹೊತ್ತಿಗೆ ಸಂಚಿ ಹಿಡಿದು ಸಂತೆಗೆ ಹೊರಡುತ್ತವೆ. ಸಾಬೂನು ಮಾಡುವ ಕಂಪನಿಗೆ, ಸಾಫ್ಟ್‌ವೇರ್ ಕಂಪನಿಗೆ ಈ ಕಷ್ಟ ಇಷ್ಟಿಲ್ಲ.

ಒಬ್ಬರು ಕೈ ಎತ್ತಿದರು. "ಹಾಗಾದರೆ ದುಡ್ಡನ್ನು ಒಳಗೇ ಇಟ್ಟುಕೊಳ್ಳುವುದು ಒಳ್ಳೆಯದಲ್ವಾ?" ಅಂತ. ಅದಕ್ಕೂ ಒಂದು ಕಥೆ ಇದೆ. 2009ರ ಡಿಸೆಂಬರಿನಲ್ಲಿ ಇದೇ ಎಕ್ಸಾನ್, ಎಕ್ಸ್‌ಟಿಒ ಅನ್ನುವ ಗ್ಯಾಸ್ ಕಂಪನಿಯನ್ನು ಸಾಲವೂ ಸೇರಿ 41 ಬಿಲಿಯನ್ ಡಾಲರಿಗೆ ಕೊಳ್ಳುತ್ತೇನೆ ಅಂದಿತು. ಗ್ಯಾಸಿನ ಬೆಲೆ ಆಮೇಲೆ ವರ್ಷಗಟ್ಟಲೆ ಮಲಗಿತು. 2020ರ ಕೊನೆಗೆ 19 ಬಿಲಿಯನ್‌ಗೂ ಜಾಸ್ತಿ ಮೌಲ್ಯವನ್ನು ಲೆಕ್ಕದಿಂದ ತೆಗೆದುಹಾಕಬೇಕಾಯಿತು. ಅದರಲ್ಲಿ ಹೆಚ್ಚಿನದು ಇಂಥ ಗ್ಯಾಸ್ ಆಸ್ತಿಗಳದ್ದು. ಅದಕ್ಕಿಂತ ಹಂಚಿದ್ದರೇ ವಾಸಿ ಇತ್ತು. ಯಜಮಾನನ ಕೈಯಲ್ಲಿ ಜಾಸ್ತಿ ದುಡ್ಡು ಉಳಿದರೆ ಅವನಿಗೆ ಪಕ್ಕದ ತೋಟ ಕೊಳ್ಳುವ ಆಸೆ ಬರುತ್ತದೆ. ನಾವು ನೋಡಿದ್ದೇವೆ.

ಇನ್ನು ಮರಗಳ ವಿಷಯ. ಎಣ್ಣೆ ಬಾವಿ ಅಂದರೆ ಅಡಿಕೆ ಮರಕ್ಕಿಂತ ಅವಸರದಲ್ಲಿ ಮುದಿಯಾಗುವಂಥದ್ದು. ಮೊದಲ ದಿನದಿಂದಲೇ ಒಳಗಿನ ಒತ್ತಡ ಇಳಿಯುತ್ತಾ ಹೋಗುತ್ತದೆ. ಅಮೆರಿಕದ ಶೇಲ್ ಬಾವಿಗಳಲ್ಲಂತೂ (ಇದು ಶೆಲ್ ಕಂಪನಿಯಲ್ಲ, ಶೇಲ್ ಅನ್ನುವ ಕಲ್ಲಿನೊಳಗಿಂದ ಎಣ್ಣೆ ತೆಗೆಯುವ ಬಾವಿ) ಮೊದಲ ವರ್ಷದಲ್ಲೇ ಅರ್ಧಕ್ಕಿಂತ ಜಾಸ್ತಿ ಇಳಿಯುತ್ತದೆ. ನಮ್ಮ ಸರ್ಕಾರಿ ಎಣ್ಣೆ ಕಂಪನಿ ಒಎನ್‌ಜಿಸಿಯದ್ದು ಮುಂಬೈ ಹೈ ಅಂತ ಸಮುದ್ರದೊಳಗಿನ ಎಣ್ಣೆ ಜಾಗ, ಅದನ್ನೇ ತಗೊಳ್ಳಿ. 1974ರಲ್ಲಿ ಸಿಕ್ಕಿದ್ದು, 1976ರಲ್ಲಿ ಎಣ್ಣೆ ಬರಲು ಶುರು. ಈಗ ಅದು ಹಳೆ ತೋಟ. ಇನ್ನಷ್ಟು ಎಣ್ಣೆ ಹೇಗೆ ತೆಗೆಯುವುದು ಅಂತ ಸಹಾಯಕ್ಕೆ 2025ರ ಜನವರಿಯಲ್ಲಿ ಬಿಪಿಯನ್ನು ಆರಿಸಿಕೊಂಡರು. ಹಳೆ ಮರಕ್ಕೆ ಗೊಬ್ಬರ ಹಾಕಿ ಇನ್ನೂ ನಾಲ್ಕು ಗೊನೆ ಹೆಚ್ಚು ಬರಿಸುವ ಹಾಗೆ.

ಹೀಗಿರುವಾಗ ಎಣ್ಣೆ ಕಂಪನಿಯ ಲಾಭ ಅಂತ ಕಾಣುವುದರಲ್ಲಿ ಒಂದು ಭಾಗ ಲಾಭವೇ ಅಲ್ಲ, ತೋಟದ ಆಯುಷ್ಯ. ನೆಲದಡಿಯಲ್ಲಿದ್ದದ್ದನ್ನು ತೆಗೆದು ಮಾರಿದ್ದು. ಅದನ್ನು ಪೂರ್ತಿ ಹಂಚಿ, ಸಸಿ ಇಡದೆ ಇದ್ದರೆ ಹತ್ತು ವರ್ಷದಲ್ಲಿ ಒಳ್ಳೆ ಡಿವಿಡೆಂಡ್ ಕೊಟ್ಟ ಹೆಸರು ಉಳಿಯುತ್ತದೆ, ತೋಟ ಇರುವುದಿಲ್ಲ. ಕೆಲವರು ಹೇಳುತ್ತಾರೆ, ಮುಂದೆ ಎಣ್ಣೆಗೇ ಕಾಲ ಇಲ್ಲ, ಸಸಿ ಯಾಕೆ, ಇದ್ದದ್ದು ಹಂಚಿ ಅಂತ. ಅದೂ ಒಂದು ವಾದ. ಹಳದಿ ರೋಗ ಹೊಕ್ಕ ತೋಟದಲ್ಲಿ ಮತ್ತೆ ಅಡಿಕೆಯನ್ನೇ ಇಡಬೇಕಾ, ಬೇರೆ ಏನಾದರೂ ನೋಡಬೇಕಾ ಅಂತ ಸುಳ್ಯದ ಕಡೆಯವರು ತಲೆಕೆಡಿಸಿಕೊಂಡ ಹಾಗೇ ಇದು. ಒಂದೇ ಉತ್ತರ ಇಲ್ಲ. ಆದರೆ ದುಡ್ಡು ಖಾತೆಗೆ ಬಂದಾಗ, ಈ ವರ್ಷ ಎಷ್ಟು ಸಸಿ ಇಟ್ಟಿದ್ದಾರೆ ಅಂತ ವಾರ್ಷಿಕ ವರದಿ ತೆಗೆದು ನೋಡಬೇಕು. ನಮ್ಮಲ್ಲಿ ಎಷ್ಟು ಮಂದಿ ನೋಡುತ್ತಾರೆ? ನಾನೂ ಮೊದಲು ನೋಡುತ್ತಿರಲಿಲ್ಲ.

ಈಗ ನಮ್ಮ ದೇಶದ ಕಂಪನಿಗಳು. ಇಲ್ಲಿ ವಿಷಯ ಸ್ವಲ್ಪ ಬೇರೆ, ಯಾಕಂದರೆ ಹತ್ತು ಅಣ್ಣತಮ್ಮಂದಿರಲ್ಲಿ ಐದಾರು ಪಾಲು ಒಬ್ಬ ಅಣ್ಣನದ್ದೇ. ಒಎನ್‌ಜಿಸಿಯಲ್ಲಿ ಕೇಂದ್ರ ಸರ್ಕಾರದ್ದು ಸುಮಾರು 59 ಶೇಕಡ. ಗೇಲ್, ಇಂಡಿಯನ್ ಆಯಿಲ್ ಎರಡರಲ್ಲೂ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಅಣ್ಣನ ಮನೆಯಲ್ಲಿ ಖರ್ಚು ಬಂದಾಗ ಕೊಯ್ಲಿಗೆ ಮೊದಲೇ ಹಂಚಿಕೆ ಆಗುತ್ತದೆ.

ಸುಮ್ನೆ ಬಾಯಿಮಾತಿಗೆ ಹೇಳುವುದಲ್ಲ, ನಿಯಮವೇ ಇದೆ. 2016ರ ಮೇ ತಿಂಗಳಲ್ಲಿ ಹಣಕಾಸು ಇಲಾಖೆ ಬರೆದಿಟ್ಟಿತು: ಸರ್ಕಾರಿ ಕಂಪನಿ ಲಾಭದ 30 ಶೇಕಡ ಅಥವಾ ಸಾಲ ಕಳೆದು ಉಳಿಯುವ ನಿವ್ವಳ ಆಸ್ತಿಯ 5 ಶೇಕಡ, ಯಾವುದು ಜಾಸ್ತಿಯೋ ಅಷ್ಟು ಡಿವಿಡೆಂಡ್ ಕೊಡಲೇಬೇಕು. ಆಸ್ತಿ 2,000 ಕೋಟಿ, ನಗದು 1,000 ಕೋಟಿ ದಾಟಿದ್ದರೆ ಬೈಬ್ಯಾಕ್ ಮಾಡಬೇಕು. 2024ರ ನವೆಂಬರಿನಲ್ಲಿ ಇದನ್ನು ಸ್ವಲ್ಪ ಸಡಿಲ ಮಾಡಿದರು. 5 ಹೋಗಿ 4 ಆಯಿತು. ಬೈಬ್ಯಾಕಿಗೆ ಆಸ್ತಿ 3,000 ಕೋಟಿ, ನಗದು 1,500 ಕೋಟಿ ಇರಬೇಕು, ಮತ್ತೆ ಷೇರಿನ ಬೆಲೆ ಆರು ತಿಂಗಳಿಂದ ಪುಸ್ತಕ ಮೌಲ್ಯಕ್ಕಿಂತ, ಅಂದರೆ ಲೆಕ್ಕಪುಸ್ತಕದ ಪ್ರಕಾರ ಒಂದು ಷೇರಿನ ಪಾಲಿಗೆ ಬರುವ ನಿವ್ವಳ ಆಸ್ತಿಗಿಂತ, ಕೆಳಗಿರಬೇಕು. ಈ ಕೊನೆಯ ಮಾತು ಇದೆಯಲ್ಲ, ನನಗೆ ಅದು ಮುಖ್ಯ. ಅಗ್ಗ ಇದ್ದಾಗ ಮಾತ್ರ ಕೊಳ್ಳಿ ಅಂತ ಕಾಗದದ ಮೇಲಾದರೂ ಬಂತು.

2018ರ ಒಎನ್‌ಜಿಸಿ ಕಥೆ ಕೇಳಿ. ಜನವರಿಯಲ್ಲಿ ಅದು ಪೆಟ್ರೋಲ್ ಮಾರುವ ಸರ್ಕಾರಿ ಕಂಪನಿ ಎಚ್‌ಪಿಸಿಎಲ್‌ನಲ್ಲಿದ್ದ ಸರ್ಕಾರದ ಪಾಲನ್ನು 36,915 ಕೋಟಿ ಕೊಟ್ಟು ಕೊಂಡಿತು. ಅಣ್ಣನ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ. ಆದರೆ ನಡುವೆ ಸಾಲ ಮಾಡಿದ್ದು ಒಎನ್‌ಜಿಸಿ. ಆ ಸಾಲ ಇನ್ನೂ ಬಿಸಿ ಇರುವಾಗಲೇ, ಡಿಸೆಂಬರಿನಲ್ಲಿ, 4,022 ಕೋಟಿಯ ಬೈಬ್ಯಾಕ್. ಷೇರಿಗೆ 159 ರೂಪಾಯಿ. ಅದೇ ತಿಂಗಳು ಇಂಡಿಯನ್ ಆಯಿಲ್ ಕೂಡ 149 ರೂಪಾಯಿಗೆ 4,435 ಕೋಟಿಯ ಬೈಬ್ಯಾಕ್ ಘೋಷಿಸಿತು. ಹೀಗೆ ಬೈಬ್ಯಾಕಿನಲ್ಲಿ ಸರ್ಕಾರಕ್ಕೆ ಹೋದ ದುಡ್ಡನ್ನು ಬಜೆಟ್ಟಿನಲ್ಲಿ ಬಂಡವಾಳ ಹಿಂತೆಗೆತದ ಲೆಕ್ಕಕ್ಕೆ, ಅಂದರೆ ಸರ್ಕಾರ ತನ್ನ ಪಾಲು ಮಾರಿದ ಲೆಕ್ಕಕ್ಕೆ, ಸೇರಿಸುತ್ತಾರೆ. ಡಿವಿಡೆಂಡ್ ಆದರೆ ಬೇರೆ ಕಾಲಮ್ಮಿಗೆ. ಆರ್ಥಿಕ ವರ್ಷ ಮುಗಿಯಲಿಕ್ಕೆ ಮೂರು ತಿಂಗಳಿರುವಾಗ ಯಾವ ಕಾಲಮ್ಮು ಖಾಲಿ ಇದೆ ಅಂತ ನೋಡಿದರೆ, ಯಾಕೆ ಬೈಬ್ಯಾಕ್, ಯಾಕೆ ಡಿವಿಡೆಂಡ್ ಅನ್ನುವುದು ಅರ್ಧ ಅರ್ಥ ಆಗುತ್ತದೆ.

ಆಮೇಲೇನಾಯಿತು? ಒಂದೂಕಾಲು ವರ್ಷದಲ್ಲಿ, 2020ರ ಮಾರ್ಚಿನಲ್ಲಿ, ಒಎನ್‌ಜಿಸಿ ಷೇರು 70 ರೂಪಾಯಿಗಿಂತ ಕೆಳಗಿತ್ತು. 159ಕ್ಕೆ ಕೊಟ್ಟವನು ಜಾಣ. ಇಟ್ಟುಕೊಂಡವನ ಕಂಪನಿ ಸಾಲ ಹೊತ್ತು ತುಟ್ಟಿ ಬೆಲೆಗೆ ಕೊಂಡಿತ್ತು.

ಅಣ್ಣ ಕೊಡಿಸುವುದಷ್ಟೇ ಅಲ್ಲ, ತಡೆಯುವುದೂ ಉಂಟು. 2022ರ ಏಪ್ರಿಲಿನಿಂದ ಪೆಟ್ರೋಲ್ ಪಂಪಿನ ಬೆಲೆಯನ್ನು ತೈಲ ಕಂಪನಿಗಳು ಏರಿಸದೆ ನಿಲ್ಲಿಸಿದವು, ನೆನಪಿದೆಯಾ? ಕಚ್ಚಾ ಎಣ್ಣೆ 100 ಡಾಲರ್ ಮೇಲೆ. ಆ ಆರ್ಥಿಕ ವರ್ಷದಲ್ಲಿ ಎಚ್‌ಪಿಸಿಎಲ್‌ಗೆ 8,974 ಕೋಟಿ ನಷ್ಟ. ಮರುವರ್ಷ ಕಚ್ಚಾ ಎಣ್ಣೆ ಇಳಿಯಿತು, ಪಂಪಿನ ಬೆಲೆ 2024ರ ಮಾರ್ಚ್ ತನಕ ಇಳಿಯಲಿಲ್ಲ, ಲಾಭ 14 ಸಾವಿರ ಕೋಟಿ ದಾಟಿತು. ನಮ್ಮಲ್ಲಿ ಕೆಲವರು ಕರ್ನಾಟಕದ ರೇಟು ಕಡಿಮೆ ಅಂತ ತಲಪಾಡಿ ದಾಟಿ ಟ್ಯಾಂಕ್ ತುಂಬಿಸಿಕೊಂಡು ಬರುತ್ತಾರೆ. ಅವರಲ್ಲೇ ಒಂದಿಬ್ಬರ ಹತ್ತಿರ ಈ ಕಂಪನಿಗಳ ಷೇರೂ ಇದೆ. ಪಂಪಿನಲ್ಲಿ ಬೈಯುತ್ತಾರೆ, ಡಿವಿಡೆಂಡ್ ಬಂದ ದಿನ ನಗುತ್ತಾರೆ. ನಾನೂ ಅವರಲ್ಲಿ ಒಬ್ಬ.

ಈ ದೊಡ್ಡಣ್ಣನ ಆಟ ದೊಡ್ಡ ಮಟ್ಟದಲ್ಲಿ ನೋಡಬೇಕಾದರೆ ಸೌದಿಯ ಅರಾಮ್ಕೊ. ಇಲ್ಲಿ ಕೂತವರಲ್ಲಿ ದಮ್ಮಾಮ್, ಜುಬೈಲ್ ಕಂಡವರು ಎಷ್ಟು ಮಂದಿ? ಹಾಂ, ಕೈ ಎತ್ತಿದ್ದು ನೋಡಿ. 2019ರ ಡಿಸೆಂಬರಿನಲ್ಲಿ ಅರಾಮ್ಕೊ ಷೇರು ಮಾರುಕಟ್ಟೆಗೆ ಬಂತು. ವರ್ಷಕ್ಕೆ 75 ಬಿಲಿಯನ್ ಡಾಲರ್ ಡಿವಿಡೆಂಡ್ ಅಂತ ಮಾತು ಕೊಟ್ಟಿತು. 2020ರಲ್ಲಿ ಲಾಭ ಬಂದದ್ದು 49. ಕೊಟ್ಟದ್ದು 75. ಯಾಕೆ ಕೊಟ್ಟರು? ಷೇರು ಬಹುಪಾಲು ಸೌದಿ ಸರ್ಕಾರದ ಕೈಯಲ್ಲೇ ಇದೆ. ಉಳಿದದ್ದರಲ್ಲೂ ದೊಡ್ಡ ಪಾಲು ಅಲ್ಲಿನ ಸರ್ಕಾರಿ ಹೂಡಿಕೆ ನಿಧಿಯದ್ದು. ಆ ಡಿವಿಡೆಂಡ್ ಅಂದರೆ ಆ ದೇಶದ ಬಜೆಟ್. 2024ರಲ್ಲಿ ಅದು 124 ಬಿಲಿಯನ್‌ವರೆಗೆ ಹೋಯಿತು, ಮರುವರ್ಷಕ್ಕೆ ಸುಮಾರು 85 ಅಂತ ಇಳಿಸಿದರು. ಅಲ್ಲಿ ಇಳಿದರೆ ಅಲ್ಲಿನ ಕಾಮಗಾರಿ ನಿಧಾನ ಆಗುತ್ತದೆ. ಗುತ್ತಿಗೆದಾರ ಬಿಲ್ಲಿಗೆ ಕಾಯುತ್ತಾನೆ. ಉಪ್ಪಳದಲ್ಲಿ, ಮೊಗ್ರಾಲಿನಲ್ಲಿ ಅರ್ಧ ಎದ್ದ ಮನೆಯ ಮೇಲಿನ ಸ್ಲ್ಯಾಬ್ ಮುಂದಿನ ವರ್ಷಕ್ಕೆ ಹೋಗುತ್ತದೆ. ಒಂದೂ ಷೇರು ಇಲ್ಲದವನ ಮನೆಗೂ ಡಿವಿಡೆಂಡಿನ ಸುದ್ದಿ ಬರುವ ದಾರಿ ಅದು.

ಇನ್ನು ಕೈಯಲ್ಲಿ ಹತ್ತೋ ಐವತ್ತೋ ಷೇರು ಇರುವ ನಮ್ಮಂಥವರ ವಿಷಯ.

ಬೈಬ್ಯಾಕ್ ಬಂದರೆ ರೆಕಾರ್ಡ್ ದಿನ ಅಂತ ಒಂದಿರುತ್ತದೆ. ಆ ದಿನ ನಿಮ್ಮ ಹೆಸರಿನಲ್ಲಿ ಷೇರು ಇರಬೇಕು. ಆ ದಿನದ ಬೆಲೆಯಲ್ಲಿ ನಿಮ್ಮ ಹತ್ತಿರ 2 ಲಕ್ಷದ ಒಳಗಿನ ಷೇರಿದ್ದರೆ ನೀವು ಸಣ್ಣ ಷೇರುದಾರ. ಕಂಪನಿ ಕೊಳ್ಳುವ ಷೇರಿನಲ್ಲಿ ನಿಮ್ಮ ಗುಂಪಿಗೆ 15 ಶೇಕಡ ಮೀಸಲು. ಎಷ್ಟೋ ಸಣ್ಣವರು ಅರ್ಜಿಯನ್ನೇ ಹಾಕುವುದಿಲ್ಲ. ಹಾಗಾಗಿ ಹಾಕಿದವರ ಷೇರು ನಿರೀಕ್ಷೆಗಿಂತ ಜಾಸ್ತಿ ಸ್ವೀಕಾರ ಆಗುವುದುಂಟು. ಇದು ನನಗೆ ಗೊತ್ತಾದದ್ದು ತಪ್ಪು ಮಾಡಿ. ಒಂದು ಕಂಪನಿಯ ಬೈಬ್ಯಾಕ್ ಕಾಗದ ಇಮೇಲಿನಲ್ಲಿ ಬಂದಿತ್ತು, ನಲವತ್ತೋ ಐವತ್ತೋ ಪುಟ, ಎಲ್ಲ ಇಂಗ್ಲಿಷು. ಮಳೆಗಾಲ, ಕೊಳೆರೋಗಕ್ಕೆ ಮದ್ದು ಬಿಡುವವರು ಎರಡನೇ ಸಲಕ್ಕೆ ಸಿಗದ ಗಡಿಬಿಡಿ. ಆಮೇಲೆ ಓದುವ ಅಂತ ಇಟ್ಟೆ. ಓದಿದಾಗ ಗಡು ಮುಗಿದು ನಾಲ್ಕು ದಿನ. ಅವರು ಕೊಡುತ್ತಿದ್ದ ಬೆಲೆ ಪೇಟೆಗಿಂತ ಶೇಕಡ 20 ಜಾಸ್ತಿ ಇತ್ತು. ಮನೆಯಲ್ಲಿ ಇವತ್ತಿಗೂ ಹೇಳಿಲ್ಲ. ಈಗ ನಿಮ್ಮ ಮುಂದೆ ಹೇಳಿದ್ದೇನೆ, ಅಲ್ಲಿಗೂ ಮುಟ್ಟುತ್ತದೆ.

ಡಿವಿಡೆಂಡಿಗೋಸ್ಕರ ಹಿಂದಿನ ದಿನ ಷೇರು ಕೊಳ್ಳುವವರಿದ್ದಾರೆ. ಬೇಡ. ಡಿವಿಡೆಂಡ್ ಹೊರಗೆ ಹೋದ ದಿನ ಷೇರಿನ ಬೆಲೆಯಿಂದಲೂ ಅಷ್ಟು ಇಳಿಯುತ್ತದೆ. ಗೊನೆ ಕೊಯ್ದ ಮೇಲೆ ಆ ಮರಕ್ಕೆ ಗೊನೆ ಇರುವ ಮರದ ಬೆಲೆ ಯಾರು ಕೊಡುತ್ತಾರೆ? ಮೇಲಿಂದ ಡಿವಿಡೆಂಡಿಗೆ ತೆರಿಗೆ ಬೇರೆ. 2020ರ ಏಪ್ರಿಲಿಗೆ ಮೊದಲು ಕಂಪನಿಯೇ ಕಟ್ಟುತ್ತಿತ್ತು, ಈಗ ನಿಮ್ಮ ಆದಾಯಕ್ಕೆ ಸೇರುತ್ತದೆ. ಬೈಬ್ಯಾಕಿನ ತೆರಿಗೆಯಂತೂ ನಿಂತಲ್ಲಿ ನಿಲ್ಲುವುದಿಲ್ಲ. 2019ರಲ್ಲಿ ಕಂಪನಿಯ ತಲೆಗೆ ಕಟ್ಟಿದರು, 2024ರ ಅಕ್ಟೋಬರಿನಲ್ಲಿ ಡಿವಿಡೆಂಡ್ ಅಂತ ನಮ್ಮ ತಲೆಗೆ ತಂದರು, 2026ರ ಬಜೆಟ್ಟಿನಲ್ಲಿ ಮತ್ತೆ ಬಂಡವಾಳ ಲಾಭದ, ಅಂದರೆ ಷೇರು ಮಾರಿ ಬಂದ ಲಾಭದ, ಕಡೆಗೆ ತಿರುಗಿಸಿದರು. ಆ ವರ್ಷದ ನಿಯಮ ಕೇಳಿಕೊಂಡೇ ಅರ್ಜಿ ಹಾಕಿ.

ಕೊನೆಗೊಂದು. ಹೋದ ತಿಂಗಳು ಕುಂಬಳೆ ಹತ್ತಿರದ ಒಂದು ಮನೆಗೆ ಹೋಗಿದ್ದೆ. ಅಲ್ಲಿನ ಅಜ್ಜ ತೀರಿಹೋಗಿ ಕೆಲವು ವರ್ಷ ಆಗಿದೆ. ಯಕ್ಷಗಾನದ ಹುಚ್ಚಿದ್ದವರು. ಅವರ ಪ್ರಸಂಗ ಪುಸ್ತಕಗಳನ್ನು ಮೊಮ್ಮಗ ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕುವಾಗ, ಹಾಳೆಗಳ ನಡುವೆ ಗುರುತಿಗೆ ಇಟ್ಟ ಉದ್ದದ ಚೀಟಿಗಳು ಸಿಕ್ಕವು. ಡಿವಿಡೆಂಡ್ ವಾರಂಟುಗಳು, ಅಂದರೆ ಡಿವಿಡೆಂಡಿನ ಚೆಕ್ಕಿನಂಥವು. ಒಂದು 48 ರೂಪಾಯಿಯದ್ದು, ಒಂದು 112 ರೂಪಾಯಿಯದ್ದು. ಬ್ಯಾಂಕಿಗೆ ಹಾಕಲೇ ಇಲ್ಲ. ಮೂರು ತಿಂಗಳಲ್ಲಿ ಅವುಗಳ ಆಯುಷ್ಯ ಮುಗಿದಿತ್ತು. ಪೆಟ್ಟಿಗೆಯ ತಳದಲ್ಲಿ ಷೇರು ಪತ್ರಗಳೂ ಇದ್ದವು, ಅಂಚು ಗೆದ್ದಲು ತಿಂದಿತ್ತು.

ಏಳು ವರ್ಷ ಡಿವಿಡೆಂಡ್ ಕೇಳದಿದ್ದರೆ ಆ ದುಡ್ಡು ಸರ್ಕಾರದ ಹೂಡಿಕೆದಾರರ ರಕ್ಷಣಾ ನಿಧಿಗೆ ಹೋಗುತ್ತದೆ. ಏಳು ವರ್ಷ ಎಡೆಬಿಡದೆ ಕೇಳದಿದ್ದರೆ ಷೇರೂ ಅಲ್ಲಿಗೇ. ಹೋದದ್ದು ಮುಳುಗಿದ ಹಾಗಲ್ಲ, ವಾಪಸ್ ಪಡೆಯಬಹುದು. ಐಇಪಿಎಫ್-5 ಅಂತ ಅರ್ಜಿ ಇದೆ. ಆದರೆ ನಮ್ಮ ಊರಿನವರ ಕಷ್ಟ ನಿಮಗೆ ಗೊತ್ತಲ್ಲ. ಷೇರು ಪತ್ರದಲ್ಲಿ ಅಜ್ಜನ ಹೆಸರು ಮನೆಯ ಹೆಸರಿನ ಜೊತೆ ಇಂಗ್ಲಿಷಿನಲ್ಲಿ. ಶಾಲೆಯ ಕಾಗದ ಕನ್ನಡದಲ್ಲಿ, ಅದರಲ್ಲಿ ಮನೆಯ ಹೆಸರಿಲ್ಲ. ಮರಣ ಪತ್ರ ಮಲಯಾಳದಲ್ಲಿ, ಅಲ್ಲಿ ಹೆಸರಿನ ಕೊನೆಯ ಅಕ್ಷರವೇ ಬೇರೆ. ಮೂರೂ ಒಬ್ಬನೇ ಮನುಷ್ಯ ಅಂತ ಸಾಬೀತು ಮಾಡಲಿಕ್ಕೆ ಮೊಮ್ಮಗ ಈಗಾಗಲೇ ಎರಡು ಸಲ ಕಾಗದ ಕಳಿಸಿದ್ದಾನೆ, ಎರಡು ಸಲವೂ ವಾಪಸ್ ಬಂದಿದೆ. ಮೂರನೆಯದಕ್ಕೆ ನೋಟರಿ ಸಹಿ ಆಗಿದೆ, ಸೋಮವಾರ ಅಂಚೆಗೆ ಹಾಕುತ್ತೇವೆ.

ಅಜ್ಜ 112 ರೂಪಾಯಿಯ ವಾರಂಟ್ ಇಟ್ಟಿದ್ದ ಪುಟವನ್ನು ಮೊಮ್ಮಗ ನನಗೆ ತೋರಿಸಿದ. ಪಂಚವಟಿ ಪ್ರಸಂಗ, ಶೂರ್ಪನಖಿ ಬರುವ ಜಾಗ.